ಮೂರನೇ ಮನೆಯ ಮಂಡಿನೋವು

ಇನ್ನೊಬ್ಬರ ಒಡವೆ ನೋಡಿ ಹೊಟ್ಟೆ ಉರಿದುಕೊಂಡವರನ್ನು ನಾನು ಕಂಡಿದ್ದೇನೆ. ಪಕ್ಕದ ಮನೆಯವರಿಗೆ ಪ್ರಮೋಷನ್ ಆಯಿತೆಂದು ಎರಡು ದಿನ ಮಾತು ಬಿಟ್ಟವರೂ ಗೊತ್ತು. ಆದರೆ ಇನ್ನೊಬ್ಬರ ನೋವು ನೋಡಿ ಹೊಟ್ಟೆಕಿಚ್ಚು ಪಟ್ಟವಳು ಬಹುಶಃ ನಾನೊಬ್ಬಳೇ ಇರಬೇಕು. ಒಂದು ದಿನ ಎರಡು ದಿನವಲ್ಲ, ಸುಮಾರು ಆರು ವರ್ಷ ಪಟ್ಟೆ. ಸುಳ್ಳು ಯಾಕೆ ಹೇಳಲಿ, ಅದರ ಬಿಸಿ ಇನ್ನೂ ಪೂರ್ತಿ ಆರಿಲ್ಲ.

ಹೋದ ವಾರ ತರಕಾರಿ ಮಾರ್ಕೆಟ್ಟಿನಲ್ಲಿ ಹಳೆಯ ವಠಾರದ ಹೆಂಗಸೊಬ್ಬರು ಸಿಕ್ಕಿ, ನಾನು ಯಾರ ನೋವಿಗೆ ಕಿಚ್ಚು ಪಟ್ಟೆನೋ ಅವರು ತೀರಿಕೊಂಡ ಸುದ್ದಿ ಹೇಳಿದರು. 'ಹೋದ ದಿನ ಏನ್ ಮಳೆ ಅಂತೀರಾ! ಬೆಳಗ್ಗೆ ಸುಡೋ ಬಿಸಿಲು, ಮಧ್ಯಾಹ್ನ ಎತ್ತೋ ಹೊತ್ತಿಗೆ ಧೋ ಅಂತ ಸುರೀತು' ಎಂದರು. ಕೈಯಲ್ಲಿ ಬೀನ್ಸ್ ಹಿಡಿದುಕೊಂಡೇ ನನ್ನ ಮನಸ್ಸಿಗೆ ಮೊದಲು ಬಂದದ್ದೇನು ಗೊತ್ತೇ? ನೋಡು, ಅಲ್ಲೂ ಅವರೇ ಗೆದ್ದರು ಎಂದು. ಆಮೇಲೆ ಬೀನ್ಸ್ ಬುಟ್ಟಿಗೆ ವಾಪಸ್ ಹಾಕಿ, ಏನೂ ಕೊಳ್ಳದೆ ಮನೆಗೆ ಬಂದೆ. ಮೊದಲು ಬಂದದ್ದು ಮಾತ್ರ ಅದೇ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಅವರ ಗುಟ್ಟು ಕಾಪಾಡಿದ್ದೊಂದೇ ನಾನು ಅವರಿಗೆ ಮಾಡಿದ ಉಪಕಾರ, ಅದೂ ಒಳ್ಳೆಯ ಬುದ್ಧಿಯಿಂದ ಮಾಡಿದ್ದಲ್ಲ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ವಠಾರದವರೆಲ್ಲ ಮೂರನೇ ಮನೆಯವರು ಎನ್ನುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮದುವೆಯಾಗಿ ಚಾಮರಾಜಪೇಟೆಯ ಆ ವಠಾರಕ್ಕೆ ಬಂದೆ. ಆರು ಮನೆ, ಒಂದು ಅಂಗಳ, ಒಂದು ನಲ್ಲಿ, ಮೆಟ್ಟಿಲ ಕೆಳಗೆ ಒಂದು ಒರಳುಕಲ್ಲು, ಮೇಲೆ ಆರೂ ಮನೆಗೆ ಸೇರಿದ ಒಂದು ತಾರಸಿ. ನಮ್ಮದು ನಾಲ್ಕನೇ ಮನೆ. ನಮ್ಮ ಅಡುಗೆಮನೆಗೂ ಅಕ್ಕನ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮಲ್ಲಿ ಸೀನು ಬರುತ್ತಿತ್ತು.

ನಾನು ಬಂದು ಇನ್ನೂ ತಿಂಗಳಾಗಿರಲಿಲ್ಲ. ಯುಗಾದಿ ಕಳೆದು ಸಂಡಿಗೆ ಹಾಕುವ ಕಾಲ. ಆ ವಠಾರದಲ್ಲಿ ಸಂಡಿಗೆಯನ್ನು ಆರು ಮನೆಯವರೂ ಸೇರಿ ಹಾಕುತ್ತಿದ್ದರು. ಅಕ್ಕಿಯನ್ನು ಮೂರು ದಿನ ನೆನೆಸಿಟ್ಟು, ದಿನವೂ ನೀರು ಬದಲಾಯಿಸಿ, ಹಿಂದಿನ ಸಂಜೆ ರುಬ್ಬಿಟ್ಟುಕೊಂಡು, ಬೆಳಕು ಹರಿಯುವ ಮೊದಲೇ ಅಂಗಳದಲ್ಲಿ ಒಲೆ ಹೂಡಿ, ದೊಡ್ಡ ಪಾತ್ರೆಯಲ್ಲಿ ಹಿಟ್ಟು ಕಾಯಿಸಿ, ಬಿಸಿಲು ಏರುವುದರೊಳಗೆ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಹಾಕಿ ಮುಗಿಸಬೇಕು. ಆಮೇಲೆ ಎರಡು ದಿನ ಒಳ್ಳೇ ಬಿಸಿಲು ಬೇಕು. ನಡುವೆ ಮಳೆ ಬಂದರೆ ಬೂಷ್ಟು ಹಿಡಿದು ಎಲ್ಲ ತಿಪ್ಪೆಗೆ. ಬೆಂಗಳೂರಿನ ಬೇಸಿಗೆಯನ್ನು ನಂಬುವ ಹಾಗಿಲ್ಲವಲ್ಲ! ಬೆಳಗ್ಗೆ ಸಾಧುವಿನ ಹಾಗೆ ಇದ್ದದ್ದು ಸಂಜೆ ನಾಲ್ಕಕ್ಕೆ ಆಲಿಕಲ್ಲು ಸುರಿಯುತ್ತದೆ.

ಅವತ್ತು ಅಕ್ಕಿ ನೆನೆದಿತ್ತು, ಮಾರನೆಯ ದಿನ ಸಂಡಿಗೆ. ನಮ್ಮ ಅತ್ತೆ ರುಬ್ಬುವುದಕ್ಕೆ ಒರಳು ತೊಳೆಯುತ್ತಿದ್ದರು. ಮೂರನೇ ಮನೆಯ ಜಗಲಿಯ ಮೇಲೆ ಬಲಗಾಲು ಚಾಚಿ ಕೂತಿದ್ದ ಹೆಂಗಸು, ಮಂಡಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡು ಹೇಳಿದರು. 'ನಾಳೆ ಬೇಡ ದೊಡ್ಡಮ್ಮ. ಒಳಗೆ ಕೊರೀತಿದೆ.'

'ಕೊರೀತಿದ್ಯೋ, ಸೆಳೀತಿದ್ಯೋ?' ಎಂದು ಅತ್ತೆ ಕೇಳಿದರು.

'ಕೊರೀತಿದೆ.'

ಅಷ್ಟೇ. ಅತ್ತೆ ಒರಳು ಬಿಟ್ಟು ಎದ್ದರು. ಆಕಾಶದಲ್ಲಿ ಅಂಗೈಯಗಲ ಮೋಡವಿರಲಿಲ್ಲ. ನನಗೋ ನಗು ತಡೆಯಲಾಗಲಿಲ್ಲ. ಮಾರನೆಯ ದಿನ ಮೂರೂವರೆಗೆ ಸಿಡಿಲು ಗುಡುಗಿನ ಸಮೇತ ಮಳೆ ಬಂದು ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಾಗ ನನ್ನ ನಗು ನಿಂತಿತು.

ಅಕ್ಕ ಮದುವೆಯಾದ ಹೊಸದರಲ್ಲಿ ನೀರಿನ ಬಕೆಟ್ಟು ಹಿಡಿದು ತಾರಸಿ ಮೆಟ್ಟಿಲು ಹತ್ತುವಾಗ ಜಾರಿ ಬಿದ್ದು ಮಂಡಿ ಒಡೆದುಕೊಂಡಿದ್ದರಂತೆ. ಪಟ್ಟು ಹಾಕುವವರ ಹತ್ತಿರ ಕಟ್ಟಿಸಿದ್ದು ಸರಿಯಾಗಿ ಕೂಡಲಿಲ್ಲ. ಅಂದಿನಿಂದ ಆ ಮಂಡಿ ಮಳೆಯ ಸುದ್ದಿ ಹೇಳುತ್ತಿತ್ತು. ಅದಕ್ಕೆ ಒಂದು ಭಾಷೆಯೇ ಇತ್ತು. ಜುಮುಜುಮು ಎಂದರೆ ಬರೀ ಮೋಡ. ಸೆಳೆದರೆ ತುಂತುರು. ಕೊರೆದರೆ ಜೋರು ಮಳೆ. ಪಕ್ಕದ ಬೀದಿಯ ಮದುವೆ ಮನೆಯವರು ಬಂದು ಕೇಳಿಕೊಂಡು ಹೋಗುತ್ತಿದ್ದರು. ಒಮ್ಮೆ ನಗರ್ತಪೇಟೆಯಿಂದ ಶಾಮಿಯಾನದವರೊಬ್ಬರು ಸೈಕಲ್ಲಿನಲ್ಲಿ ಬಂದು, ಜಗಲಿಯ ಕೆಳಗೆ ಕೈಕಟ್ಟಿ ನಿಂತು, 'ಅಮ್ಮಾವ್ರೇ, ಭಾನುವಾರಕ್ಕೆ ಬರೀ ಬಟ್ಟೆ ಕಟ್ಲಾ, ತಗಡು ಹಾಕ್ಲಾ?' ಎಂದು ಕೇಳಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಇದೆಲ್ಲ ನನಗೆ ತಮಾಷೆಯಾಗಿಯೇ ಉಳಿಯುತ್ತಿತ್ತೋ ಏನೋ. ಉಳಿಯದೇ ಇದ್ದದ್ದಕ್ಕೆ ಕಾರಣ ಅವರ ಯಜಮಾನರು.

ಸರ್ಕಾರಿ ಕಚೇರಿಯ ಗುಮಾಸ್ತರು, ಮಾತು ಕಡಿಮೆ. ಕೂತಲ್ಲಿಂದ ಎದ್ದು ಒಂದು ಲೋಟ ನೀರು ಬಗ್ಗಿಸಿಕೊಂಡವರಲ್ಲ. ಆದರೆ ಅಕ್ಕ 'ಇವತ್ತು ಮಂಡಿ ಯಾಕೋ...' ಎಂದ ದಿನ ಅವರು ಪೇಪರ್ ಮಡಚಿಟ್ಟು ಅಂಗಳಕ್ಕೆ ಬರುತ್ತಿದ್ದರು. ಕನ್ನಡಕ ಹಣೆಗೇರಿಸಿ ತಲೆಯೆತ್ತಿ ಆಕಾಶ ನೋಡುತ್ತಿದ್ದರು. ಮೂಲೆಯಲ್ಲಿ ಎಲ್ಲೋ ಒಂದಿಷ್ಟು ಕಪ್ಪು ಕಂಡರೆ ಸಾಕು, 'ಹೂಂ, ಕೂತ್ಕೋ ನೀನು' ಎಂದು ತಾವೇ ಕೊಡ ತೆಗೆದುಕೊಂಡು ನಲ್ಲಿಗೆ ಹೋಗುತ್ತಿದ್ದರು. ಗಂಡಸು, ಅದೂ ಕಚೇರಿಗೆ ಹೋಗುವ ಗಂಡಸು, ಪಂಚೆ ಎತ್ತಿ ಕಟ್ಟಿ ಹೆಂಗಸರ ಸಾಲಿನಲ್ಲಿ ಕೊಡ ಹಿಡಿದು ನಿಂತಿರುತ್ತಿದ್ದರು! ಎರಡನೇ ಮನೆಯಿಂದ ಹುಳಿ ಬರುತ್ತಿತ್ತು, ಐದನೇ ಮನೆಯಿಂದ ಪಲ್ಯ. ನಮ್ಮ ಅತ್ತೆ, ನನಗೆ ಎರಡನೇ ಲೋಟ ಕಾಫಿ ಕೊಡಲು ಹಿಂದೆಮುಂದೆ ನೋಡುವ ನಮ್ಮ ಅತ್ತೆ, ಲೋಟದ ತುಂಬ ನೊರೆ ಕಾಫಿ ಬೆರೆಸಿ ನನ್ನ ಕೈಯಲ್ಲೇ ಅವರ ಜಗಲಿಗೆ ಕಳಿಸುತ್ತಿದ್ದರು.

ಆ ಲೋಟ ಹಿಡಿದುಕೊಂಡು ಹೋಗುವಾಗ ನನ್ನ ಬೆರಳುಗಳು ಅದರ ಬಿಸಿಗೆ ಹಾಯೆನ್ನುತ್ತಿದ್ದವು. ಯಾಕೆಂದರೆ ಅಷ್ಟು ಹೊತ್ತಿಗೆ ನನ್ನ ಕೈಗೂ ನೋವು ಬಂದಿತ್ತು.

ಮಗಳು ಹುಟ್ಟಿದ ವರ್ಷ ಅದು ಶುರುವಾಯಿತು. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಮಗುವಿನ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ, ಸೀಮೆಎಣ್ಣೆ ಸ್ಟೌವಿನ ಬತ್ತಿ ಏರಿಸಲು ಆಗುತ್ತಿರಲಿಲ್ಲ, ಒದ್ದೆ ಸೀರೆ ಹಿಂಡಿದರೆ ಕಣ್ಣಲ್ಲಿ ನೀರು. ಒರಳಿನ ಗುಂಡು ತಿರುಗಿಸುವಾಗ ಹಲ್ಲು ಕಚ್ಚಿ ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಹದಿನಾರರ ಮಗ್ಗಿ ಮುಗಿಯುವುದರೊಳಗೆ ಒಂದು ಪಾವು ರುಬ್ಬಬೇಕು ಎಂದು. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸಡಿಲವಾಗುತ್ತಿತ್ತು. ಮಾರನೆಯ ಬೆಳಗ್ಗೆ ಮತ್ತೆ ಅದೇ ಹಾಡು.

ಮಳೆಯಿರಲಿ ಬಿಸಿಲಿರಲಿ, ಚಳಿಯಿರಲಿ ಸೆಕೆಯಿರಲಿ, ನನ್ನ ನೋವಿಗೆ ಯಾವ ವ್ಯತ್ಯಾಸವೂ ಇರಲಿಲ್ಲ. ಅದೇ ನನಗೆ ಮುಳುವಾಯಿತು.

'ಬಿಸಿಲು ಈ ಪಾಟಿ ಹೊಡೀತಿದೆ, ನಿಂಗೆಂಥದೇ ನೋವು?' ಎನ್ನುತ್ತಿದ್ದರು ಅತ್ತೆ. 'ಪಕ್ಕದ ಮನೆಯವಳನ್ನ ನೋಡು. ಅವಳಿಗೆ ನೋವು ಬಂದ್ರೆ ಮಳೆ ಬರತ್ತೆ. ನಿಂಗೆ ನೋವು ಬಂದ್ರೆ ಏನು ಬರತ್ತೆ?'

ಗೆಣ್ಣುಗಳ ಊತ ತೋರಿಸಿದೆ. 'ಕೆಲಸ ಮಾಡೋರ ಕೈ ಇರೋದೇ ಹಾಗೆ' ಎಂದರು. ನಮ್ಮವರು ಒಳ್ಳೆಯವರೇ, ಆದರೆ ಅಮ್ಮನ ಮಾತಿನ ಮೇಲೆ ಮಾತಾಡುವವರಲ್ಲ. 'ಬಾಮು ಹಚ್ಕೊಂಡು ಮಲ್ಕೋ, ಬೆಳಗ್ಗೆ ಸರಿಹೋಗತ್ತೆ' ಎನ್ನುತ್ತಿದ್ದರು. ಬೆಳಗ್ಗೆಯೇ ಹೆಚ್ಚಾಗುವ ನೋವಿಗೆ ಬೆಳಗ್ಗೆಯನ್ನೇ ಔಷಧಿ ಹೇಳಿದರೆ ಏನು ಮಾಡುವುದು?

ಆ ದಿನಗಳಲ್ಲಿ ನಾನು ದೇವರ ಮುಂದೆ ನಿಂತು ನೋವು ಹೋಗಲಿ ಎಂದು ಕೇಳಿಕೊಂಡವಳೇ ಅಲ್ಲ. ಅಕ್ಕನಂಥ ನೋವು ಕೊಡು ಎಂದು ಕೇಳಿಕೊಳ್ಳುತ್ತಿದ್ದೆ. ಜನ ನಂಬುವ ನೋವು. ಹೆಸರು ಇರುವ, ಜಗಲಿಯ ಮೇಲೆ ಕಾಲು ಚಾಚಿ ಕೂತು ಹೇಳಬಹುದಾದ ನೋವು. ನನಗೆ 'ನೋಯತ್ತೆ' ಎಂಬ ಒಂದು ಮಾತು ಬಿಟ್ಟರೆ ಇನ್ನೊಂದಿರಲಿಲ್ಲ.

ಒಮ್ಮೆ ಹಟ ಹಿಡಿದು ನಾನೂ ಪ್ರಯತ್ನ ಮಾಡಿದೆ. ಮಾವಳ್ಳಿಯ ಕಡೆ ಮೋಡ ಕಟ್ಟುತ್ತಿದ್ದುದನ್ನು ನೋಡಿಕೊಂಡು ಬಂದು, ನಲ್ಲಿಯ ಹತ್ತಿರ ನಾಲ್ಕು ಜನ ಇದ್ದಾಗಲೇ, 'ಅಬ್ಬ, ನನ್ನ ಕೈ ಸೆಳೀತಿದೆ. ಇವತ್ತು ಮಳೆ ಗ್ಯಾರಂಟಿ' ಎಂದೆ. ಮೋಡ ಒಂದರ್ಧ ಗಂಟೆ ಆಟ ಆಡಿ, ಲಾಲ್‌ಬಾಗಿನ ಮೇಲೆ ನಾಲ್ಕು ಹನಿ ಚೆಲ್ಲಿ ಹೊರಟುಹೋಯಿತು. ನಮ್ಮ ಬೀದಿಯ ಧೂಳು ಕೂಡ ನೆನೆಯಲಿಲ್ಲ. 'ನಮ್ಮ ಸೊಸೆ ಕೈ ಲಾಲ್‌ಬಾಗಿನ ಗಿಡಗಳಿಗೆ ಮಾತ್ರ ಹೇಳೋದು' ಎಂದು ಅತ್ತೆ ನಕ್ಕರು. ನಲ್ಲಿಯ ಸುತ್ತ ಇದ್ದವರೆಲ್ಲ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ನಾನು ಕೊಡ ಎತ್ತುವಾಗ ಪಕ್ಕಕ್ಕೆ ಬಂದು, 'ಅಷ್ಟು ಬೇಗ ಬಾಯಿ ಬಿಡ್ಬಾರ್ದು ಕಣೇ, ಸ್ವಲ್ಪ ಕಾಯ್ಬೇಕು' ಎಂದು ಮೆಲ್ಲಗೆ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಆಡಿಕೊಂಡವರಿಗಿಂತ ಬುದ್ಧಿ ಹೇಳಿದ ಅಕ್ಕನ ಮೇಲೆ ಹೆಚ್ಚು ಸಿಟ್ಟು ಬಂತು.

ಇವರ ಬಣ್ಣ ಬಯಲು ಮಾಡಲೇಬೇಕೆಂದು ಅವತ್ತೇ ನಿಶ್ಚಯಿಸಿದೆ. ಅಡುಗೆಮನೆಯ ಗೋಡೆಯಲ್ಲಿ ತಾರೀಕಿನ ಹಾಳೆಯ ಕ್ಯಾಲೆಂಡರ್ ಇತ್ತು. ಅಕ್ಕ ಮಂಡಿನೋವು ಎಂದ ದಿನ ಹಾಳೆಯ ಮೂಲೆಯಲ್ಲಿ ಒಂದು ಸೊನ್ನೆ, ಮಳೆ ಬಂದರೆ ಅದರ ಪಕ್ಕ ಒಂದು ಗೀಟು. ಗೀಟಿಲ್ಲದ ಸೊನ್ನೆ ಹತ್ತಾದರೆ ಎಲ್ಲರ ಮುಂದೆ ಇಡುವುದು ಎಂದುಕೊಂಡಿದ್ದೆ. ಒಂದು ವರ್ಷ ಬರೆದೆ. ಗೀಟಿಲ್ಲದ ಸೊನ್ನೆ ಹತ್ತಾಗುವುದಿರಲಿ, ಐದೂ ಆಗಲಿಲ್ಲ. ಮಂಡಿ ಎಂದರೆ ಮಳೆ, ಮಳೆ ಎಂದರೆ ಮಂಡಿ. ಇಂಥ ಅಚ್ಚುಕಟ್ಟಾದ ನೋವು ಯಾರಿಗಾದರೂ ಇರಲು ಸಾಧ್ಯವೇ ಎಂದು ಹಾಳೆಗಳನ್ನೆಲ್ಲ ಹರಡಿಕೊಂಡು ಕೂತು ಅತ್ತುಬಿಟ್ಟೆ.

ಆದರೆ ಹೊಟ್ಟೆಕಿಚ್ಚಿನಿಂದ ಒಂದು ಲಾಭವಿದೆ. ನಾವು ಯಾರ ಮೇಲೆ ಕಿಚ್ಚು ಪಡುತ್ತೇವೋ ಅವರನ್ನು ನೋಡಿದಷ್ಟು ಸೂಕ್ಷ್ಮವಾಗಿ ಬೇರೆ ಯಾರನ್ನೂ ನೋಡುವುದಿಲ್ಲ. ತಾರಸಿ ಮೆಟ್ಟಿಲಿನ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಕಂದು ಜಿಡ್ಡಿನ ಪಟ್ಟೆ ಇತ್ತು. ದಸರಾಕ್ಕೆ ಸುಣ್ಣ ಹೊಡೆಸಿದರೆ ಮಾಯವಾಗುತ್ತಿತ್ತು, ದೀಪಾವಳಿ ಕಳೆಯುವುದರೊಳಗೆ ಮತ್ತೆ ಮೂಡುತ್ತಿತ್ತು. ಮಕ್ಕಳ ಕೈ ಇರಬೇಕು ಎಂದುಕೊಂಡಿದ್ದೆ. ಅದು ಅಕ್ಕನ ಅಂಗೈ ಎಂದು ಒಂದು ದಿನ ನೋಡಿದೆ. ಒಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ಗೋಡೆಗೆ ಅಂಗೈ ಊರಿ, ಉಸಿರು ಬಿಗಿಹಿಡಿದು ಏರುತ್ತಿದ್ದರು. ಅದು ಮಾಘಮಾಸ. ಹದಿನೈದು ದಿನದಿಂದ ಮೋಡದ ಸುಳಿವಿರಲಿಲ್ಲ. ಅವರು ಮಂಡಿಯ ಮಾತೂ ಎತ್ತಿರಲಿಲ್ಲ.

ಕೈನೋವು ಶುರುವಾದ ಮೇಲಿನ ಮೂರನೆಯ ಬೇಸಿಗೆ ಬಂತು. ನಾದಿನಿಯ ಮದುವೆ ವೈಶಾಖದಲ್ಲಿ ಗೊತ್ತಾಗಿತ್ತು. ಆ ಸಲದ ಸಂಡಿಗೆ ಎಂದಿನಂತಲ್ಲ, ಮದುವೆಗೂ ಸೇರಿಸಿ ಮಾಡಬೇಕು. 'ಹಿಟ್ಟು ತಿರುವೋದು ನೀನೇ. ವಯಸ್ಸಿದೆ, ಕೈಯಲ್ಲಿ ಕಸುವಿದೆ' ಎಂದು ಅತ್ತೆ ಹದಿನೈದು ದಿನ ಮೊದಲೇ ಹೇಳಿಬಿಟ್ಟರು. ಅಷ್ಟು ಹೊತ್ತಿಗೆ ನನಗೆ ತಟ್ಟೆ ಹಿಡಿಯಲೂ ಆಗುತ್ತಿರಲಿಲ್ಲ. ಆ ಪಾತ್ರೆಯಲ್ಲಿ ಮರದ ಸೌಟು ಹಾಕಿ ಎರಡು ಗಂಟೆ ತಿರುವಿದರೆ ನನ್ನ ಕೈ ಮತ್ತೆ ನನಗೆ ಸಿಗುವುದಿಲ್ಲ ಎಂಬ ಭಯ ಹುಟ್ಟಿತು.

ಒಂದು ಬೆಳಗ್ಗೆ ಬೇಗ ಎಚ್ಚರವಾಗಿ, ಬೆರಳು ಬಿಸಿ ಮಾಡಿಕೊಳ್ಳಲು ನೀರೊಲೆಯ ಹತ್ತಿರ ಕೂತಿದ್ದೆ. ಅಕ್ಕ ತಾರಸಿಗೆ ಹತ್ತುವುದು ಕಂಡಿತು. ಹಿಂದೆಯೇ ಹೋದೆ. ಇಷ್ಟು ಹೊತ್ತಿಗೆ ಇವರಿಗೇನು ಕೆಲಸ?

ಅಕ್ಕ ಒಂದು ಪುಟ್ಟ ಜಾಡಿ ಹಿಡಿದುಕೊಂಡಿದ್ದರು. ಅದರೊಳಗೆ ಕೈ ಹಾಕಿ ಹರಳುಪ್ಪು ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು, ಪಸೆ ಇದೆಯೋ ಇಲ್ಲವೋ ಎಂದು. ಪಕ್ಕದ ಮನೆಯ ಹೊಗೆ ನೇರವಾಗಿ ಏರುತ್ತಿದೆಯೋ ಕೆಳಗೆ ಬಾಗುತ್ತಿದೆಯೋ ನೋಡಿದರು. ಬಗ್ಗಿ, ಬಹಳ ಕಷ್ಟದಿಂದ ಬಗ್ಗಿ, ಪ್ಯಾರಪೆಟ್ಟಿನ ಬಿರುಕಿನ ಇರುವೆ ಸಾಲು ನೋಡಿದರು. ಮೊಟ್ಟೆ ಹೊತ್ತಿವೆಯೇ ಎಂದು. ಆಮೇಲೆ ಪಶ್ಚಿಮದ ಕಡೆ ತಿರುಗಿ ಬಹಳ ಹೊತ್ತು ನಿಂತರು.

'ಏನಕ್ಕ, ಮಂಡಿ ಕೈಕೊಡ್ತಾ? ಉಪ್ಪನ್ನ ಕೇಳೋ ಹಾಗಾಯ್ತಾ?' ಎಂದೆ.

ಬೆಚ್ಚಿ ತಿರುಗಿದರು. ನನ್ನ ಮುಖ ನೋಡಿ ಮುಚ್ಚಿಡಲು ಹೋಗಲಿಲ್ಲ. ಪ್ಯಾರಪೆಟ್ಟಿಗೆ ಒರಗಿ ಕಾಲು ಚಾಚಿ ಕೂತರು.

'ಹಾಗಾದ್ರೆ ಇಷ್ಟು ವರ್ಷ ಎಲ್ಲರಿಗೂ ಟೋಪಿ ಹಾಕಿದ್ರಾ?'

'ನೋವು ಸುಳ್ಳಲ್ಲ ಕಣೇ' ಎಂದರು. 'ದಿನಾ ನೋಯತ್ತೆ. ಬಿಸಿಲಲ್ಲೂ ನೋಯತ್ತೆ, ಮಳೇಲೂ ನೋಯತ್ತೆ. ಬಿದ್ದ ಹೊಸದ್ರಲ್ಲಿ ದಿನಾ ಹೇಳ್ತಿದ್ದೆ. ದಿನಾ ಹೇಳಿದ್ರೆ ಯಾರು ಕೇಳ್ತಾರೆ? ನಿಂದೇನು ಯಾವಾಗ್ಲೂ ಇದೇ ರಾಗ ಅಂದ್ರು. ಒಂದು ಸಲ ನಾನು ಹೇಳಿದ್ದಕ್ಕೂ ಮಳೆ ಬರೋದಕ್ಕೂ ಸರಿಹೋಯ್ತು. ಅವತ್ತು ನಮ್ಮನೆಯವ್ರು ಮೊದಲ್ನೇ ಸಲ, ಪಾಪ ಅವಳಿಗೆ ನಿಜವಾಗ್ಲೂ ನೋವಿತ್ತು ಅಂದ್ರು. ಆವತ್ತಿಂದ ಮೊದ್ಲು ಮೋಡ ನೋಡ್ತೀನಿ, ಆಮೇಲೆ ನೋವು ಹೇಳ್ತೀನಿ. ಮಿಕ್ಕ ದಿನ ಬಾಯಿ ಮುಚ್ಕೊಂಡು ಇರ್ತೀನಿ. ನೋವಿಗೂ ಒಂದು ಸಾಕ್ಷಿ ಬೇಕು ಕಣೇ.'

'ಮೋಡ ಆದಾಗ ಜಾಸ್ತಿ ಆಗೋದಾದ್ರೂ ನಿಜಾನಾ?'

ಮಂಡಿ ನೀವಿಕೊಳ್ಳುತ್ತ ಯೋಚಿಸಿದರು. 'ಆಗತ್ತೆ ಅನ್ಸತ್ತೆ. ಇಲ್ಲ, ಇವತ್ತು ಹೇಳ್ಬಹುದು ಅಂತ ಗೊತ್ತಾದ ತಕ್ಷಣ ಜಾಸ್ತಿ ಆಗತ್ತೋ ಏನೋ. ಈಗೀಗ ನಂಗೇ ಗೊತ್ತಾಗಲ್ಲ.'

ನೀವು ನನ್ನ ಜಾಗದಲ್ಲಿದ್ದರೆ ಅವರನ್ನು ತಬ್ಬಿಕೊಳ್ಳುತ್ತಿದ್ದಿರಿ. ನಾನು ಏನು ಮಾಡಿದೆ ಗೊತ್ತೇ? ಸಿಟ್ಟು ಮಾಡಿಕೊಂಡೆ. ನನ್ನ ಹಾಗೆಯೇ ದಿನವೂ ನೋವು ತಿನ್ನುವ ಹೆಂಗಸು ಹೇಗಾದರೂ ಒಂದು ದಾರಿ ಕಂಡುಕೊಂಡು ಕಾಲು ಚಾಚಿ ಕೂತಳಲ್ಲ, ನನಗೆ ಅದು ಹೊಳೆಯಲಿಲ್ಲವಲ್ಲ ಎಂಬ ಸಿಟ್ಟು. 'ಎಲ್ಲರಿಗೂ ಹೇಳ್ಬಿಡ್ತೀನಿ' ಎಂದೆ.

'ಹೇಳು' ಎಂದರು. ಉಪ್ಪಿನ ಜಾಡಿಯ ಮುಚ್ಚಳ ಹಾಕುತ್ತ, 'ನಿಂಗೂ ಕಲಿಸ್ಕೊಡ್ಲಾ?' ಎಂದರು.

'ನಂಗೆ ಆ ನಾಟಕ ಬೇಡ.'

'ನಿನ್ನ ಕೈ ಕೊಡಿಲ್ಲಿ.' ನಾನು ಕೊಡಲಿಲ್ಲ. ಅವರೇ ಹಿಡಿದುಕೊಂಡರು. ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. 'ಕೆಂಡದ ಹಾಗೆ ಸುಡ್ತಿದೆಯಲ್ಲೇ! ನಂದು ಮಳೆ ಹೆಸರು ಹೇಳಿ ದಿನ ತಳ್ಳೋ ನೋವು. ಇದು ಹಾಗಲ್ಲ, ಡಾಕ್ಟರಿಗೆ ತೋರಿಸ್ಬೇಕು' ಎಂದರು. ನಾನು ಕೈ ಕಿತ್ತುಕೊಂಡು ದಡದಡ ಕೆಳಗಿಳಿದೆ. ಅವರ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಕರುಣೆಯಿಂದಲ್ಲ, ಸಮಯ ನೋಡಿ ಬಿಡೋಣ ಎಂದು.

ಸಂಡಿಗೆಯ ದಿನ ಅಕ್ಕನ ಮಂಡಿಯನ್ನು ಕೇಳಿಯೇ ಗೊತ್ತುಮಾಡಿದರು. 'ಈ ವಾರ ಮಂಡಿ ಹಾಯಾಗಿದೆ, ಧಾರಾಳವಾಗಿ ಹಾಕಿ' ಎಂದು ಅವರೇ ಹೇಳಿದ್ದರು. ಆರೂ ಮನೆಯ ಅಕ್ಕಿ ಮೂರು ದಿನ ನೆನೆಯಿತು. ಅಂಗಳದಲ್ಲಿ ಒಲೆ ಉರಿಯಿತು. ಆಕಾಶ ತೊಳೆದಿಟ್ಟ ಹಾಗೆ ಇತ್ತು. ನಾನು ಸೌಟು ಹಿಡಿದೆ. ಮೊದಲ ಕೊಡದ ನೀರು ಕುದಿದು ಹಿಟ್ಟು ಸುರಿಯುವವರೆಗೆ ಹೇಗೋ ನಡೆಯಿತು. ಗಂಜಿ ಗಟ್ಟಿಯಾಗತೊಡಗಿದಂತೆ ನನ್ನ ಬೆರಳುಗಳು ಬಿಚ್ಚಿಕೊಂಡವು. ಸೌಟು ಜಾರಿ ಪಾತ್ರೆಯೊಳಗೆ ಬಿತ್ತು, ಬಿಸಿ ಗಂಜಿ ಅತ್ತೆಯ ಕಾಲ ಮೇಲೆ ಸಿಡಿಯಿತು.

'ಬೇಕೂ ಅಂತಲೇ ಮಾಡ್ತಿದೀಯ ನೀನು! ನಾದಿನಿ ಮದುವೆ ಅಂದ್ರೆ ನಿಂಗೆ ಕೈನೋವು!' ಎಂದು ಅತ್ತೆ ಕೂಗಿಕೊಂಡರು. 'ಎತ್ಕೋ ಸೌಟು!'

ಆಗ ಮೂರನೇ ಮನೆಯ ಜಗಲಿಯಿಂದ ದನಿ ಬಂತು. 'ದೊಡ್ಡಮ್ಮ, ನಿಲ್ಲಿಸಿ. ಇವತ್ತು ಬೇಡ. ಮಳೆ ಬರತ್ತೆ.'

ಅಂಗಳದಲ್ಲಿದ್ದ ಹೆಂಗಸರೆಲ್ಲ ಜಗಲಿಯ ಕಡೆ ತಿರುಗಿದರು. ಅತ್ತೆ ಆಕಾಶ ನೋಡಿ, 'ನೀನೇ ತಾನೇ ಹಾಯಾಗಿದೆ ಅಂದೋಳು?' ಎಂದರು.

'ನನ್ನ ಮಂಡಿ ಹಾಯಾಗೇ ಇದೆ. ಇವಳ ಕೈ ಹೇಳ್ತಿದೆ.' ಅಕ್ಕ ಕುಂಟುತ್ತ ಬಂದು ನನ್ನ ಎರಡೂ ಕೈ ಹಿಡಿದೆತ್ತಿ ಎಲ್ಲರ ಮುಂದೆ ತೋರಿಸಿದರು. 'ನೋಡಿ ಈ ಊತ. ಮುಟ್ಟಿ ನೋಡಿ, ಹ್ಯಾಗೆ ಸುಡ್ತಿದೆ. ನನ್ನ ಮಂಡಿ ಯಾವತ್ತೂ ಇಷ್ಟು ಊದಿಲ್ಲ. ಮಂಡಿಗಿಂತ ಕೈ ಜೋರು. ಒಲೆ ಆರಿಸಿ.'

ಅವರ ಮಾತಿಗೆ ಆ ವಠಾರದಲ್ಲಿ ಎಂಥ ಬೆಲೆಯಿತ್ತು ಎಂದರೆ, ಒಲೆ ಆರಿಸಿದರು. ಒಬ್ಬೊಬ್ಬರೇ ಬಂದು ನನ್ನ ಬೆರಳು ಮುಟ್ಟಿ ನೋಡಿದರು. ಮಳೆಯ ಗುರುತು ನೋಡಲು ಮುಟ್ಟಿದರೇ ಹೊರತು ನನ್ನನ್ನು ನೋಡಲಲ್ಲ. ಆದರೂ ಮೂರು ವರ್ಷದಲ್ಲಿ ಯಾರೂ ಮುಟ್ಟಿರಲಿಲ್ಲ. ನನಗೆ ಅಳು ಬಂತು.

ಮಳೆ ಬರಲಿಲ್ಲ.

ಹನ್ನೆರಡಾಯಿತು, ಎರಡಾಯಿತು, ನಾಲ್ಕಾಯಿತು. ಬಿಸಿಲೆಂದರೆ ಬಿಸಿಲು, ಸಂಡಿಗೆ ಒಂದೇ ದಿನದಲ್ಲಿ ಒಣಗಿ ಲಟಲಟ ಎನ್ನುವಂಥ ಬಿಸಿಲು. ಅಕ್ಕನ ಯಜಮಾನರು ಎರಡು ಸಲ ಹೊರಬಂದು ತಲೆಯೆತ್ತಿ ನೋಡಿ ಒಳಗೆ ಹೋದರು. ಉಳಿದ ಹಿಟ್ಟೆಲ್ಲ ಹುಳಿ ಬಂದು ಮೂರು ದಿನ ಆರೂ ಮನೆಯಲ್ಲಿ ದೋಸೆಯೇ ದೋಸೆ. ಸಂಜೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಮೂರನೇ ಮನೆಯ ಮುಂದೆ ನಿಂತರು.

'ಏನಮ್ಮಾ, ಎಲ್ಲಿ ನಿನ್ನ ಮಳೆ?'

ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು. 'ಬರ್ಲಿಲ್ವಲ್ಲ ದೊಡ್ಡಮ್ಮ. ಹಾಗಾದ್ರೆ ಅದು ಮಳೆ ನೋವಲ್ಲ. ಮಳೆ ಇಲ್ದೆ ಅಷ್ಟು ಊದಿದೆ ಅಂದ್ರೆ ಒಳಗೆ ಏನೋ ಕಾಯಿಲೆನೇ ಇರ್ಬೇಕು. ಡಾಕ್ಟರಿಗೆ ತೋರಿಸಿ.'

ಅತ್ತೆ ಸೊಂಟದ ಮೇಲಿನ ಕೈ ಇಳಿಸಿದರು. ಬೆಳಗ್ಗೆ ಆ ಬೆರಳುಗಳನ್ನು ತಾವೇ ಮುಟ್ಟಿ, ಹೌದಲ್ಲ ಸುಡುತ್ತಿದೆ ಎಂದು ಹತ್ತು ಜನರ ಮುಂದೆ ಒಪ್ಪಿಕೊಂಡಿದ್ದರು. ಈಗ ಇಲ್ಲ ಎನ್ನುವ ಹಾಗಿರಲಿಲ್ಲ.

ಆ ವಾರವೇ ನಮ್ಮವರು ನನ್ನನ್ನು ಬಸವನಗುಡಿಯ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಕೀಲುಗಳನ್ನೇ ತಿನ್ನುವ ವಾತ ಎಂದರು. 'ಇಷ್ಟು ದಿನ ಏನ್ರೀ ಮಾಡ್ತಿದ್ರಿ? ಇನ್ನೊಂದು ವರ್ಷ ಬಿಟ್ಟಿದ್ರೆ ಬೆರಳೆಲ್ಲ ಸೊಟ್ಟ ಆಗ್ತಿತ್ತು' ಎಂದು ನಮ್ಮವರನ್ನು ಗದರಿದರು. ಮಾತ್ರೆ ಬಂತು, ಒರಳು ತಪ್ಪಿತು, ಸೀರೆ ಹಿಂಡುವುದಕ್ಕೆ ಒಬ್ಬ ಹೆಂಗಸನ್ನು ಗೊತ್ತುಮಾಡಿದರು. ಈಗ ಈ ಪೆನ್ನು ಹಿಡಿದು ಬರೆಯುತ್ತಿರುವ ಬೆರಳುಗಳು ಅವತ್ತು ಉಳಿದುಕೊಂಡ ಬೆರಳುಗಳು.

ಅಕ್ಕನ ಕಥೆ ಹೇಳಬೇಕು.

ವಠಾರದವರು ಆ ದೋಸೆಯನ್ನು ಮರೆಯಲಿಲ್ಲ. 'ಮಂಡಿಗೂ ವಯಸ್ಸಾಯ್ತು' ಎಂದು ಆಡಿಕೊಂಡರು. ಮದುವೆಗೆಂದು ಮತ್ತೆ ಸಂಡಿಗೆ ಹಾಕುವಾಗ ರೇಡಿಯೋ ಕೇಳಿದರು. ಶಾಮಿಯಾನದವರು ಬರಲಿಲ್ಲ. ಜ್ಯೇಷ್ಠಮಾಸದ ಒಂದು ಬೆಳಗ್ಗೆ ನಾನು ಅಡುಗೆಮನೆಯಲ್ಲಿ ಮಾತ್ರೆ ನುಂಗಲು ನೀರಿನ ಲೋಟ ಹಿಡಿದಿದ್ದೆ. ಗೋಡೆಯ ಆ ಕಡೆಯಿಂದ ಅಕ್ಕನ ದನಿ ಕೇಳಿತು. 'ಇವತ್ತು ಮಂಡಿ ಯಾಕೋ...'

ಅವರ ಯಜಮಾನರು ಅಂಗಳಕ್ಕೆ ಬಂದದ್ದು ನನ್ನ ಕಿಟಕಿಯಿಂದ ಕಂಡಿತು. ಕನ್ನಡಕ ಏರಿಸಿ ಆಕಾಶ ನೋಡಿದರು. ಒಳ್ಳೆಯ ಬಿಸಿಲು. 'ಅವತ್ತೂ ಹೀಗೇ ಹೇಳ್ದೆ' ಎಂದರು. 'ಏಳು, ನಲ್ಲಿ ನೀರು ಹೋಗ್ಬಿಡತ್ತೆ.' ಪೇಪರ್ ಬಿಚ್ಚುವ ಸದ್ದು. ಆಮೇಲೆ ಖಾಲಿ ಕೊಡ ನೆಲಕ್ಕೆ ತಾಗಿದ ಸದ್ದು.

ಆ ಮಧ್ಯಾಹ್ನ ಮಳೆ ಬಂತು. ಯಾರೂ ಗಮನಿಸಲಿಲ್ಲ.

ನಾನು ಒಂದು ಮಾತು ಆಡಬಹುದಾಗಿತ್ತು. ಮೂರು ಹೆಜ್ಜೆ ನಡೆದು ಹೋಗಿ, ಅಕ್ಕನಿಗೆ ದಿನಾ ನೋವಿದೆ, ಮಳೆಗೂ ಅದಕ್ಕೂ ಸಂಬಂಧವಿಲ್ಲ, ನನ್ನ ಹಾಗೇ ಅವರನ್ನೂ ಡಾಕ್ಟರಿಗೆ ತೋರಿಸಿ ಎನ್ನಬಹುದಾಗಿತ್ತು. ಆ ಗುಟ್ಟು ಗೊತ್ತಿದ್ದವಳು ನಾನೊಬ್ಬಳೇ. ಸಮಯ ನೋಡಿ ಬಿಡೋಣ ಎಂದು ಇಟ್ಟುಕೊಂಡಿದ್ದೆನಲ್ಲ, ಅದೇ ಸಮಯ. ಮಾತ್ರೆ ನುಂಗಿದೆ, ಸುಮ್ಮನಿದ್ದೆ. ಅವತ್ತು ನನ್ನೊಳಗೆ ಸಣ್ಣಗೆ ಖುಷಿಯಾದದ್ದು ನಿಜ. ಈಗ ಗೊತ್ತಾಗಲಿ, ಬಿಸಿಲಿನಲ್ಲಿ ನೋವು ತಿನ್ನುವುದು ಹೇಗಿರುತ್ತದೆ ಎಂದು. ಮಾರನೆಯ ದಿನ ಹೇಳೋಣ ಎಂದುಕೊಂಡೆ. ಆಮೇಲೆ ನಾಳಿದ್ದು. ಹೀಗೇ ಎರಡು ವರ್ಷ ಕಳೆಯಿತು.

ಆ ಎರಡು ವರ್ಷ ನನ್ನ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು. ಈಗ ಅದು ಮಂಡಿಯ ಮೇಲೆ ಅಲ್ಲ. ಹದಿನೈದು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ನಂಬಿಕೆಯನ್ನು, ತನ್ನನ್ನು ಬಯಲು ಮಾಡುತ್ತೇನೆ ಎಂದವಳಿಗಾಗಿ, ಒಂದು ಬೆಳಗ್ಗೆ ಎದ್ದು ಹಾಗೆ ಕೊಟ್ಟುಬಿಟ್ಟರಲ್ಲ, ಅದರ ಮೇಲೆ. ನನ್ನ ಹತ್ತಿರ ಅದು ಇದ್ದಿದ್ದರೆ ನಾನು ಕೊಡುತ್ತಿರಲಿಲ್ಲ. ಎದೆ ಮುಟ್ಟಿಕೊಂಡು ಹೇಳುತ್ತೇನೆ, ಕೊಡುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ನಾವು ವೈಯಾಲಿಕಾವಲ್‌ಗೆ ಮನೆ ಬದಲಾಯಿಸಿದೆವು. ಬಿಟ್ಟು ಮೂರು ವರ್ಷವಾದ ಮೇಲೆ ಏನೋ ಕೆಲಸಕ್ಕೆ ಚಾಮರಾಜಪೇಟೆಗೆ ಹೋದವಳು ವಠಾರಕ್ಕೂ ಹೋದೆ. ಹೇಳಿಬಿಡಬೇಕು, ಕಾಲಿಗೆ ಬಿದ್ದು ಕ್ಷಮಿಸಿ ಅನ್ನಬೇಕು, ಬೇಕಾದರೆ ನಾನೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಬೇಕು ಎಂದೆಲ್ಲ ಬಸ್ಸಿನಲ್ಲಿ ಕೂತು ಅಂದುಕೊಂಡು ಹೋಗಿದ್ದೆ. ಬೇಸಿಗೆಯ ಮಧ್ಯಾಹ್ನ, ಅಂಗಳದಲ್ಲಿ ಒಂದು ನರಪಿಳ್ಳೆಯಿಲ್ಲ. ಅಕ್ಕ ಒಣಗಿದ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ತಾರಸಿಯಿಂದ ಇಳಿಯುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು. ಗೋಡೆಯ ಪಟ್ಟೆ ಈಗ ಮೊದಲಿಗಿಂತ ಕಪ್ಪಾಗಿತ್ತು.

ನನ್ನನ್ನು ಕಂಡು ಮುಖವರಳಿತು. ಮೊದಲು ಕೇಳಿದ್ದು, 'ಕೈ ಹ್ಯಾಗಿದ್ಯೇ?'

'ಚೆನ್ನಾಗಿದೆ ಅಕ್ಕ. ನಿಮ್ಮ ಮಂಡಿ?'

ಅಕ್ಕ ಮೆಟ್ಟಿಲ ನಡುವೆಯೇ ನಿಂತರು. ಉತ್ತರ ಕೊಡುವ ಮೊದಲು ತಲೆಯೆತ್ತಿ, ಅಂಗಳದ ಮೇಲೆ ಕಾಣುವ ಅಷ್ಟಗಲ ಆಕಾಶ ನೋಡಿದರು. ಒಂದು ಮೋಡವಿರಲಿಲ್ಲ.

'ಏನೂ ಇಲ್ಲ ಕಣೇ, ಹಾಯಾಗಿದೀನಿ' ಎಂದರು. ಅಂಗೈಯನ್ನು ಗೋಡೆಗೆ ಊರಿ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.